ಮಡಚಿದ ಹೆಬ್ಬೆರಳು

ಟೀಚರಮ್ಮನಿಗೆ ಆ ಹೆಸರು ಬಂದದ್ದು ಕೆಲಸ ಸಿಕ್ಕ ಮೇಲಲ್ಲ, ಅದಕ್ಕೂ ಎಷ್ಟೋ ಮೊದಲು. ಮೂವತ್ತೈದು ದಾಟಿದ ಹೆಂಗಸು ಬಟ್ಟೆ ಅಂಗಡಿಯ ಕೌಂಟರ್ ಬಿಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಶಿಕ್ಷಕರ ತರಬೇತಿಗೆ ಹೊರಟ ದಿನವೇ ಬೀದಿಯವರು ಈ ಬಿರುದನ್ನು ಮುಂಗಡವಾಗಿ ಕೊಟ್ಟುಬಿಟ್ಟಿದ್ದರು. ಅರ್ಧ ಜನ ಪ್ರೀತಿಯಿಂದ ಕೊಟ್ಟರು. ಉಳಿದರ್ಧ ಜನ ‘ನೋಡೇಬಿಡೋಣ’ ಅಂತ ಕೊಟ್ಟರು. ತರಬೇತಿ ಮುಗಿಯಿತು, ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹೊದಿಕೆಯೂ ಬಂತು. ಕೆಲಸ ಮಾತ್ರ ಬರಲಿಲ್ಲ. ಹಾಗಾಗಿ ಬೀದಿಯಲ್ಲಿ ಯಾರಾದರೂ “ಏನ್ ಟೀಚರಮ್ಮಾ, ಆರಾಮಾ?” ಎಂದರೆ ಅವಳಿಗೆ ಬೆನ್ನಿನ ಹಿಂದೆ ಯಾರೋ ಚೀಟಿ ಅಂಟಿಸಿದ ಹಾಗಾಗುತ್ತಿತ್ತು.

ಬಟ್ಟೆ ಅಂಗಡಿಯಲ್ಲಿ ಅವಳಿಗೊಂದು ಮರ್ಯಾದೆ ಇತ್ತು. ಗಿರಾಕಿಗಳು ನೂರೆಂಟು ಸೀರೆ ಬಿಚ್ಚಿಸಿ, ಒಂದನ್ನೂ ಕೊಳ್ಳದೆ ಎದ್ದು ಹೋದ ಮೇಲೆ ಉಳಿಯುವ ಬಟ್ಟೆಯ ಗುಡ್ಡವನ್ನು ಅವಳಷ್ಟು ಚೆನ್ನಾಗಿ ಮಡಚಿಡುವವರು ಇನ್ನೊಬ್ಬರಿರಲಿಲ್ಲ. ಎಳೆ ಕಿತ್ತದ್ದೋ, ಸಣ್ಣ ಕಲೆಯೋ ಇದ್ದರೆ ಅದು ಮೂರನೇ ಮಡಿಕೆಯೊಳಗೆ ಹೋಗಿ ಕೂರುತ್ತಿತ್ತು. ಹೊರಗೆ ಅಂಚು ಮಾತ್ರ ಮಿರಮಿರ ಮಿಂಚುತ್ತಿತ್ತು. ‘ಇದು ಮೋಸ ಅಲ್ಲ ಕಣಮ್ಮಾ, ಮಡಿಕೆ’ ಎನ್ನುತ್ತಿದ್ದ ಅಂಗಡಿಯ ಯಜಮಾನ. ಅವಳು ಬಿಟ್ಟು ಹೋದಾಗ ಅವನಿಗೆ ಬೇಜಾರಾಗಿತ್ತು. ಹೊಸ ಮಾಲು ಬರುವವರೆಗೆ ನಿನ್ನ ಜಾಗಕ್ಕೆ ಯಾರನ್ನೂ ತಗೊಳ್ಳಲ್ಲ, ಅಷ್ಟರಲ್ಲಿ ನಿನಗೆ ಮೇಡಂ ಆಗೋಕೆ ಆಗದಿದ್ದರೆ ವಾಪಸ್ ಬಾ ಎಂದಿದ್ದ. ಮಾಲು ಈಗ ಬರುವುದರಲ್ಲಿತ್ತು. ಮತ್ತೆ ಅದೇ ಕೌಂಟರಿನ ಹಿಂದೆ, ಅದೇ ಸಹೋದ್ಯೋಗಿಗಳ ಮಧ್ಯೆ, ಅದೇ ಹೆಸರಿಟ್ಟುಕೊಂಡು ನಿಲ್ಲುವುದನ್ನು ನೆನೆದರೆ ಅವಳಿಗೆ ಊಟ ಇಳಿಯುತ್ತಿರಲಿಲ್ಲ.

ಕಷ್ಟವಿದ್ದದ್ದು ಬಯೋಡೇಟಾದಲ್ಲಿ. ಹೆಸರು, ವಿಳಾಸ, ಓದು, ಅನುಭವ ಇಲ್ಲ ಎಂದು ಬರೆದರೆ ಅದು ಅರ್ಧ ಪುಟಕ್ಕೇ ಉಸಿರು ಬಿಡುತ್ತಿತ್ತು. ಶಾಲೆಗಳ ಆಫೀಸಿನಲ್ಲಿ ಅದನ್ನು ಓದಿದವರು ಹಾಳೆ ತಿರುಗಿಸಿ ಹಿಂಬದಿ ನೋಡುತ್ತಿದ್ದರು. ಹಿಂಬದಿಯಲ್ಲಿ ಏನಿರುತ್ತೆ, ಮಣ್ಣು! ಆ ಹಾಳೆ ತಿರುಗುವ ಗಳಿಗೆಯಲ್ಲಿ ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಎಷ್ಟು ಶಾಲೆಗಳ ಕ್ಯಾಲೆಂಡರ್ ನೋಡಿದ್ದಳೆಂದರೆ, ಯಾವ ಶಾಲೆಯವರು ತಿಂಗಳ ಹಾಳೆ ಹರಿಯುವುದರಲ್ಲಿ ಸೋಮಾರಿಗಳು ಎಂದು ಹೇಳಬಲ್ಲವಳಾಗಿದ್ದಳು.

ಮನೆಯಲ್ಲಿ ಗಂಡ ಮಾತಿನವನಲ್ಲ. ಬೀದಿ ತಿರುವಿನಲ್ಲಿ ಒಬ್ಬರೇ ಕೂರುವಷ್ಟು ಜಾಗದಲ್ಲಿ ವಾಚ್ ರಿಪೇರಿ ಮಾಡುತ್ತಿದ್ದ. ಮನೆಗೆ ತಂದ ವಾಚುಗಳ ಮುಂದೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಇನ್ನೊಂದು ಕಣ್ಣಿಗೆ ಸಂಸಾರ ಕಾಣುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅವನ ಪಾಲಿನ ಮಾತನ್ನೂ ಅತ್ತೆಯೇ ಆಡುತ್ತಿದ್ದಳು. ಸೊಸೆ ಕೆಲಸ ಬಿಟ್ಟಾಗ ಅತ್ತೆ ಏನೂ ಅನ್ನಲಿಲ್ಲ. ಆಮೇಲೆ ಅನ್ನುವುದನ್ನು ನಿಲ್ಲಿಸಲಿಲ್ಲ.

ಇಂಥ ಹೊತ್ತಿನಲ್ಲಿ ಭಾವ ಬಂದರು. ಅಕ್ಕನ ಗಂಡ. ಯಾವುದೋ ಕಚೇರಿಯಲ್ಲಿ ಜೀವಮಾನವಿಡೀ ಬೇರೆಯವರ ಅರ್ಜಿಗಳನ್ನು ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಕಳಿಸಿ ನಿವೃತ್ತರಾದವರು. ಹೀಗಾಗಿ ಬಂಧುಬಳಗದಲ್ಲಿ ಅರ್ಜಿ ಎಂದರೆ ಭಾವ ಎತ್ತಿದ ಕೈ ಎಂಬ ನಂಬಿಕೆ ಬೇರೂರಿತ್ತು. ಅವರು ಬರೆದುಕೊಟ್ಟ ಅರ್ಜಿಯಿಂದ ಯಾರಿಗಾದರೂ ಏನಾದರೂ ಸಿಕ್ಕಿತ್ತೇ ಎಂದು ವಿಚಾರಿಸುವಷ್ಟು ಒರಟುತನ ಯಾರಿಗೂ ಇರಲಿಲ್ಲ.

ಭಾವ ಕನ್ನಡಕ ಏರಿಸಿ ಅರ್ಧ ಪುಟವನ್ನು ಓದಿದರು. ಓದಿ, ಅವರೂ ತಿರುಗಿಸಿ ನೋಡಿದರು.

“ಇದನ್ನ ಬಯೋಡೇಟಾ ಅಂತಾರೇನಮ್ಮ? ಕಳೆದುಹೋದೋರ ಬಗ್ಗೆ ಪೇಪರಲ್ಲಿ ಕೊಡೋ ಪ್ರಕಟಣೆ ಇದ್ದಂಗಿದೆ. ಈಗೆಲ್ಲ ಇದಕ್ಕೆ ರೆಸ್ಯೂಮೆ ಅಂತಾರೆ. ರೆಸ್ಯೂಮೆ ಅಂದ್ರೆ ಶೋಕೇಸು. ನೀನು ಅಂಗಡೀಲಿದ್ದೋಳು, ನಿಂಗೆ ಹೇಳಿಕೊಡ್ಬೇಕಾ? ಗೋಡೌನಲ್ಲಿರೋದನ್ನ ಯಾರಾದ್ರೂ ಶೋಕೇಸಲ್ಲಿ ಇಡ್ತಾರಾ?”

“ಅಂಗಡೀದೂ ಬರೀಲಾ ಭಾವ? ಅದೂ ಅನುಭವಾನೇ ಅಲ್ವಾ?”

“ಬೇಡ ಬೇಡ. ಮಾಷ್ಟರಿಕೆಗೆ ಸೀರೆ ಬಿಡಿಸಿ ತೋರಿಸೋದು ಯಾಕೆ? ಬೇರೆ ಏನಿದೆ ತಾ.”

ಬೇರೆ ಇದ್ದದ್ದು ಒಂದೇ. ತರಬೇತಿಯ ಕೊನೆಯಲ್ಲಿ ಒಂದು ಶಾಲೆಗೆ ಹೋಗಿ ಪಾಠ ಮಾಡಿ ತೋರಿಸಬೇಕಿತ್ತು. ಕಾಲೇಜಿನ ಪರಿವೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಅಭಿಪ್ರಾಯ ಬರೆಯುತ್ತಿದ್ದರು. ಆ ಹಾಳೆಯನ್ನು ಅವಳು ಸರ್ಟಿಫಿಕೇಟುಗಳ ಅಡಿಯಲ್ಲಿಟ್ಟಿದ್ದಳು. ಭಾವ ಅದನ್ನು ಎಳೆದು ತೆಗೆದು ಗಟ್ಟಿಯಾಗಿ ಓದಿದರು: ‘ಪ್ರತಿ ಪ್ರಶ್ನೆಗೂ ತರಗತಿಯ ಪ್ರತಿ ಮಗುವೂ ಕೈ ಎತ್ತಿತು. ನನ್ನ ಸೇವಾವಧಿಯಲ್ಲಿ ಇಂಥದ್ದು ಕಂಡಿರಲಿಲ್ಲ.’

“ಏನಮ್ಮಾ ಇದು, ಚಿನ್ನ ಇಟ್ಕೊಂಡು ತಗಡು ಮಾರ್ತಾ ಇದೀಯಲ್ಲ!” ಎಂದರು ಭಾವ.

ಅವಳ ಕಿವಿ ಬಿಸಿಯಾಯಿತು. ಯಾಕೆಂದರೆ ಆ ಕೈಗಳ ಗುಟ್ಟು ಅವಳಿಗೆ ಗೊತ್ತಿತ್ತು.

ನಡೆದದ್ದು ಹೀಗೆ. ಅವಳ ಮೊದಲ ಪಾಠಕ್ಕೆ ಒಂದು ಕೈಯೂ ಮೇಲೇಳಲಿಲ್ಲ. ಮಕ್ಕಳು ದಡ್ಡರಾಗಿರಲಿಲ್ಲ, ಹೆದರಿದ್ದರು. ತಪ್ಪು ಹೇಳಿದರೆ ಎಲ್ಲರೂ ನಗುತ್ತಾರೆಂಬ ಹೆದರಿಕೆ. ಪರಿವೀಕ್ಷಕರು ಆಕಳಿಸಿ ಏನೋ ಗೀಚಿಕೊಂಡರು. ಎರಡನೇ ಪಾಠದ ಮುಂಚೆ ಅವಳ ಅಂಗಡಿಯ ಬುದ್ಧಿ ಕೆಲಸ ಮಾಡಿತು. ಅವಳು ಮಕ್ಕಳಿಗೆ ಒಂದು ಆಟ ಹೇಳಿಕೊಟ್ಟಳು: ನಾನು ಏನೇ ಕೇಳಿದರೂ ಎಲ್ಲರೂ ಕೈ ಎತ್ತಿ. ಉತ್ತರ ಗೊತ್ತಿದ್ದವರು ಐದೂ ಬೆರಳು ಬಿಡಿಸಿ; ಗೊತ್ತಿಲ್ಲದವರು ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಳ್ಳಿ. ಮಡಚಿದವರನ್ನು ನಾನು ಕೇಳುವುದೇ ಇಲ್ಲ. ಎದುರಿಗೆ ನಿಂತವಳಿಗೆ ಹೆಬ್ಬೆರಳು ಕಾಣುತ್ತದೆ. ಹಿಂದೆ ಕೂತವರಿಗೆ ಕಾಣುವುದು ಕೈಗಳ ಕಾಡು. ಮಕ್ಕಳಿಗೆ ಬಲು ಖುಷಿಯಾಯಿತು. ಯಾರಿಗೂ ಅವಮಾನವಿಲ್ಲವಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮೋಸ ಅಲ್ಲ, ಮಡಿಕೆ.

ಕಿಟಕಿಯ ಪಕ್ಕ ಕೂರುತ್ತಿದ್ದ, ಒಂದು ಜಡೆ ಯಾವಾಗಲೂ ಬಿಚ್ಚಿಕೊಂಡಿರುತ್ತಿದ್ದ ಹುಡುಗಿಯೊಬ್ಬಳು ಮಾತ್ರ ಎದ್ದು ಕೇಳಿದ್ದಳು, “ಮಿಸ್, ಇದು ಇವತ್ತಿಗೆ ಮಾತ್ರಾನಾ, ಯಾವಾಗಲೂನಾ?” ಹೊರಗೆ ಪರಿವೀಕ್ಷಕರ ಚಪ್ಪಲಿ ಸದ್ದು ಕೇಳುತ್ತಿತ್ತು. ಆ ಅವಸರದಲ್ಲಿ ಅವಳು, “ಯಾವಾಗಲೂ, ಯಾವಾಗಲೂ. ಕೂತ್ಕೋ ಪುಟ್ಟಿ” ಎಂದುಬಿಟ್ಟಿದ್ದಳು.

ಇದನ್ನೆಲ್ಲ ಭಾವನಿಗೆ ಹೇಳಬೇಕೆಂದು ಬಾಯಿವರೆಗೆ ಬಂತು. ಆದರೆ ಅಷ್ಟರಲ್ಲಿ ಭಾವ ಆ ಎರಡು ಸಾಲನ್ನು ಪುಟದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಕೂರಿಸಿ, ಅದರ ಕೆಳಗೆ ‘ಮಕ್ಕಳನ್ನು ಪಾಠದಲ್ಲಿ ತೊಡಗಿಸುವಲ್ಲಿ ವಿಶೇಷ ಪರಿಣತಿ’ ಎಂದು ತಮ್ಮದೊಂದು ಅಂಚೂ ಹೊಲಿದಾಗಿತ್ತು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆ, ಸೊಸೆಯನ್ನು ಮೊದಲ ಸಲ ನೋಡುತ್ತಿರುವವಳಂತೆ ನೋಡಿದಳು. “ಇಷ್ಟೆಲ್ಲ ಇತ್ತಾ ನಿನ್ನ ಹತ್ರ? ಹೇಳ್ಲೇ ಇಲ್ಲ” ಎಂದಳು. ಅತ್ತೆಯ ಬಾಯಿಂದ ಅಂಥ ಮಾತು ಬಂದಾಗ ಅದನ್ನು ತಡೆದು ತಿದ್ದುವ ಧೈರ್ಯ ನಮ್ಮ ನಿಮ್ಮಂಥವರಿಗೆ ಇರುತ್ತದೆಯೇ? ಅವಳಿಗೂ ಇರಲಿಲ್ಲ. ಸುಮ್ಮನೆ ಚಹಾ ಇಡಲು ಎದ್ದಳು.

ಶೋಕೇಸು ಕೆಲಸ ಮಾಡಿತು. ಒಂದು ಶಾಲೆಯಿಂದ ಕರೆ ಬಂತು. ಐದನೇ ತರಗತಿಯ ಗಣಿತದ ಟೀಚರ್ ಕೆಲಸ ಬಿಟ್ಟಿದ್ದಾರೆ, ಬಂದು ಒಂದು ಪಾಠ ಮಾಡಿ ತೋರಿಸಿ ಎಂದರು.

ಅದು ಉದ್ದ ಕಾರಿಡಾರಿನ, ಹಸಿರು ಬಾಗಿಲುಗಳ ಶಾಲೆ. ಮಕ್ಕಳೆಲ್ಲ ‘ದೊಡ್ಡ ಮಿಸ್’ ಎನ್ನುತ್ತಿದ್ದ ಮುಖ್ಯೋಪಾಧ್ಯಾಯಿನಿ ರೆಸ್ಯೂಮೆಯನ್ನು ಓದಿದರು, ತಿರುಗಿಸಿ ನೋಡಲಿಲ್ಲ. ಅಷ್ಟಕ್ಕೇ ಟೀಚರಮ್ಮನ ಎದೆ ಹಗುರಾಯಿತು. ಇಬ್ಬರೂ ತರಗತಿಗೆ ಹೋದರು. ದೊಡ್ಡ ಮಿಸ್ ರೆಸ್ಯೂಮೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಆ ತರಗತಿಯ ಕ್ಲಾಸ್ ಟೀಚರ್, ಸಪೂರ ಮುಖದ ಯುವತಿ.

ಪಾಠ ಭಿನ್ನರಾಶಿ. ಟೀಚರಮ್ಮ ಚೀಲದಿಂದ, ಮೂಲೆಯಲ್ಲಿ ಸಣ್ಣ ಕಲೆಯಿದ್ದ ಒಂದು ಬಿಳಿ ಬಟ್ಟೆ ತೆಗೆದು ಝಾಡಿಸಿದಳು. ಅರ್ಧಕ್ಕೆ ಮಡಚಿದಳು, ಕಾಲಿಗೆ ಮಡಚಿದಳು, ಮೂರಕ್ಕೆ ಮಡಚಿದಳು. ಮಕ್ಕಳು ಕತ್ತು ಚಾಚಿ ನೋಡಿದರು. ಇಷ್ಟು ದಿನ ಪುಸ್ತಕದಲ್ಲಿ ಗೆರೆಯ ಮೇಲೊಂದು ಕೆಳಗೊಂದು ಕೂತು ಹೆದರಿಸುತ್ತಿದ್ದ ಅಂಕಿಗಳು ಈಗ ಬಟ್ಟೆಯಾಗಿ ಬಿಚ್ಚಿಕೊಳ್ಳುತ್ತಿದ್ದವು. ನಾನು ನಿಜವಾಗಿಯೂ ಟೀಚರ್ ಕಣೇ ಎಂದು ಅವಳೊಳಗೇ ಒಂದು ದನಿ ಅಂದಂತಾಯಿತು.

“ಮೂರನೇ ಒಂದು ಭಾಗ ದೊಡ್ಡದೋ, ಕಾಲು ಭಾಗ ದೊಡ್ಡದೋ?” ಎಂದು ಕೇಳಿದಳು.

ಕೈಗಳು ಎದ್ದವು. ಅಲ್ಲೊಂದು, ಇಲ್ಲೊಂದು, ಆಮೇಲೆ ನಾಲ್ಕಾರು. ಕಿಟಕಿಯ ಪಕ್ಕದಿಂದ ಒಂದು ಕೈ ಎಲ್ಲಕ್ಕಿಂತ ನೆಟ್ಟಗೆ, ಮೊಣಕೈ ಕಿವಿಗೆ ತಾಗುವಂತೆ ಎದ್ದಿತ್ತು. ಅದರ ಹೆಬ್ಬೆರಳು ಅಂಗೈಯೊಳಗೆ ಅಚ್ಚುಕಟ್ಟಾಗಿ ಮಡಚಿಕೊಂಡಿತ್ತು.

ಕೈಯ ಕೆಳಗೆ ಬಿಚ್ಚಿಕೊಂಡ ಒಂದು ಜಡೆ. ಶಾಲೆ ಬದಲಾಗಿತ್ತು, ಸಮವಸ್ತ್ರ ಬದಲಾಗಿತ್ತು, ಹುಡುಗಿ ಅದೇ. ಕಳೆದುಹೋದ ನೆಂಟರು ಸಂತೆಯಲ್ಲಿ ಸಿಕ್ಕಂತೆ ಅವಳು ಮುಖವಿಡೀ ನಗುತ್ತಿದ್ದಳು.

ಟೀಚರಮ್ಮ ಒಪ್ಪಂದದಂತೆ ಅವಳನ್ನು ಬಿಟ್ಟು ಬೇರೆ ಮಗುವನ್ನು ಕೇಳಿದಳು. ಮುಂದಿನ ಪ್ರಶ್ನೆಗೂ ಆ ಕೈ ಎದ್ದಿತು; ಹೆಬ್ಬೆರಳು ಒಳಗೇ ಇತ್ತು. ಮತ್ತೆ ಬಿಟ್ಟಳು. ಆಗ ಹಿಂದಿನಿಂದ ದೊಡ್ಡ ಮಿಸ್ ದನಿ ಬಂತು, “ಆ ಕಿಟಕಿ ಹತ್ರದೋಳನ್ನ ಕೇಳಿ. ಪ್ರತಿಯೊಂದಕ್ಕೂ ಕೈ ಎತ್ತುತ್ತಾಳೆ, ಒಂದಕ್ಕೂ ಬಾಯಿ ಬಿಡಲ್ಲ.”

ತರಗತಿ ಕಿಸಕ್ಕೆಂದಿತು. “ಲೈಟ್ ಕಂಬ” ಎಂದು ಯಾರೋ ಪಿಸುಗುಟ್ಟಿದರು. ಅದು ಆ ಹುಡುಗಿಗೆ ಈ ಶಾಲೆ ಕೊಟ್ಟ ಹೆಸರು ಎಂದು ತಿಳಿಯಲು ಟೀಚರಮ್ಮನಿಗೆ ಯಾರೂ ಹೇಳಬೇಕಾಗಲಿಲ್ಲ. ಬಿರುದುಗಳ ವಿಷಯ ಅವಳಿಗೆ ಗೊತ್ತಿತ್ತು.

ಅವಳು ಕೇಳಿದಳು. ಹಾಗೆ ಕೇಳಿದ್ದನ್ನು ಅವಳು ಇವತ್ತಿಗೂ ನೆನೆಸಿಕೊಳ್ಳಲಾರಳು, ಆದರೂ ಕೇಳಿದ್ದು ನಿಜ. ಹುಡುಗಿ ಎದ್ದು ನಿಂತಳು. ಮೊದಲು ತನ್ನ ಕೈಯನ್ನು ಕೆಳಗಿಳಿಸಿ ಹೆಬ್ಬೆರಳನ್ನು ನೋಡಿಕೊಂಡಳು, ಸರಿಯಾಗಿ ಮಡಚಿದೆಯಾ ಎಂದು. ಆಮೇಲೆ ಟೀಚರಮ್ಮನ ಮುಖ ನೋಡಿದಳು. ನಗು ನಿಧಾನವಾಗಿ ಆರಿತು. ಬಾಯಿ ಬಿಡಲಿಲ್ಲ.

“ಕೂತ್ಕೋ ಪುಟ್ಟಿ,” ಎಂದಳು ಟೀಚರಮ್ಮ. ಪಾಠ ಮುಂದುವರಿಸಿದಳು. ಅದು ಚೆನ್ನಾಗಿಯೇ ಮುಗಿಯಿತು; ನಾಚಿಕೆಗೆಟ್ಟ ಪಾಠಗಳು ಚೆನ್ನಾಗಿಯೇ ಮುಗಿಯುತ್ತವೆ.

ಆಫೀಸಿನಲ್ಲಿ ದೊಡ್ಡ ಮಿಸ್ ಖುಷಿಯಾಗಿದ್ದರು. ಬಟ್ಟೆಯ ಉಪಾಯವನ್ನು ಹೊಗಳಿದರು, ಸೋಮವಾರ ಬರಲು ಆಗುತ್ತದೆಯೇ ಎಂದು ವಿಚಾರಿಸಿದರು. ನಂತರ ಮಾತಿಗೆ ಮಾತು ಸೇರಿ ಆ ಹುಡುಗಿಯ ವಿಷಯ ಬಂತು. ಮನೆ ಬದಲಾಯಿಸಿ ಈ ಕಡೆ ಬಂದವರಂತೆ. ಮಗು ಒಳ್ಳೆಯದೇ, ಆದರೆ ಸುಳ್ಳು ಕೈ ಎತ್ತುವ ಚಟ. ಕ್ಲಾಸ್ ಟೀಚರ್ ಬೈದರೂ ಬಿಡಲಿಲ್ಲ, ಬೆಂಚಿನ ಮೇಲೆ ನಿಲ್ಲಿಸಿದರೂ ಬಿಡಲಿಲ್ಲ. ಇನ್ನು ತಂದೆ ತಾಯಿಯನ್ನು ಕರೆಸಿ, ಒಂದು ಕ್ಲಾಸು ಕೆಳಗೆ ಕೂರಿಸುವುದೇ ಸರಿ ಎಂದು ತೀರ್ಮಾನವಾಗಿತ್ತು.

ಟೀಚರಮ್ಮ ಗೋಡೆಯ ಕ್ಯಾಲೆಂಡರ್ ನೋಡಿದಳು. ಈ ಶಾಲೆಯವರು ತಿಂಗಳ ಹಾಳೆ ಹರಿಯುವುದರಲ್ಲಿ ಚುರುಕಾಗಿದ್ದರು.

“ಅವಳು ಸುಳ್ಳು ಹೇಳ್ತಿಲ್ಲ ಮೇಡಂ,” ಎಂದಳು. “ಹೇಳ್ತಿರೋಳು ನಾನು.” ಮೇಜಿನ ಮೇಲಿದ್ದ ದಪ್ಪಕ್ಷರದ ಸಾಲನ್ನು ತೋರಿಸಿ, ಪರಿವೀಕ್ಷಕರು, ಹೆಬ್ಬೆರಳು, ‘ಯಾವಾಗಲೂ’, ಎಲ್ಲವನ್ನೂ ಹೇಳಿದಳು. ಹೇಳುವಾಗ ಮುಖ ಎಲ್ಲಿಡಬೇಕೆಂದು ತಿಳಿಯದೆ ತನ್ನ ಅಂಗೈಯನ್ನೇ ನೋಡುತ್ತಿದ್ದಳು. ಮುಗಿಸಿ, ರೆಸ್ಯೂಮೆ ವಾಪಸ್ ತೆಗೆದುಕೊಳ್ಳಲು ಕೈ ಚಾಚಿದಳು.

ದೊಡ್ಡ ಮಿಸ್ ಅದನ್ನು ಕೊಡಲಿಲ್ಲ. ಅವರು ತಮ್ಮ ಬಲಗೈ ಎತ್ತಿ, ಹೆಬ್ಬೆರಳು ಮಡಚಿ, ಬೀರುವಿನ ಗಾಜಿನಲ್ಲಿ ಹಿಂದುಮುಂದು ತಿರುಗಿಸಿ ನೋಡುತ್ತಿದ್ದರು.

“ಹಿಂದಿನಿಂದ ಗೊತ್ತೇ ಆಗಲ್ವಲ್ಲ,” ಎಂದರು ಮೆಲ್ಲಗೆ. “ನೋಡಿ, ಮುಂದಿನ ತಿಂಗಳು ತಪಾಸಣೆ ಇದೆ. ಅವರೂ ಹಿಂದೇನೇ ಕೂರೋದು. ಎಲ್ಲಾ ಕ್ಲಾಸಿಗೂ ಇದನ್ನ ಹೇಳಿಕೊಡೋಕೆ ಎಷ್ಟು ದಿನ ಬೇಕು ನಿಮಗೆ?”

ಅವಳಿಗೆ ಬೈಸಿಕೊಳ್ಳಲು ತಯಾರಿ ಇತ್ತು. ಇದಕ್ಕೆ ಇರಲಿಲ್ಲ. ಕಣ್ಣ ಮುಂದೆ ಅಂಗಡಿಯ ಹೊಸ ಮಾಲು ಬಂತು, ಬೀದಿ ಬಂತು, ಅತ್ತೆಯ ಆ ಒಂದು ನೋಟ ಬಂತು. ‘ಆಯ್ತು ಮೇಡಂ’ ಎಂಬ ಮಾತು ಅವಳ ಬಾಯಿಂದ ಹೊರಬಿತ್ತು. ತಪ್ಪೊಪ್ಪಿಕೊಂಡು ಕೆಲಸ ಗಿಟ್ಟಿಸಿದ ಜಗತ್ತಿನ ಮೊದಲ ಹೆಂಗಸು ತಾನೇ ಇರಬೇಕು ಎನಿಸಿತು. ಹಿಂದೆ ಮಾಡಿದ ತಪ್ಪಿಗಿಂತ ಈಗ ‘ಆಯ್ತು’ ಎಂದದ್ದಕ್ಕೇ ಹೆಚ್ಚು ಅಸಹ್ಯವಾಯಿತು.

ಹೊರಗೆ ನಲ್ಲಿಗಳ ಹತ್ತಿರ ಹುಡುಗಿ ಕಾಯುತ್ತಿದ್ದಳು. ನೀರು ಕುಡಿಯುವ ನೆಪ. ಬಾಟಲಿ ತುಂಬಿ ಹರಿಯುತ್ತಿತ್ತು.

“ಮಿಸ್, ನಾನು ಸರಿಯಾಗೇ ಮಡಚಿದ್ದೆ ಅಲ್ವಾ?”

“ಸರಿಯಾಗೇ ಮಡಚಿದ್ದೆ.”

“ಈ ಸ್ಕೂಲಲ್ಲಿ ಯಾವ ಮಿಸ್ಸಿಗೂ ಇದು ಗೊತ್ತಿಲ್ಲ. ಮಡಚಿದ್ರೂ ಕೇಳ್ತಾರೆ. ನೀವು ಬಂದ್ರಿ, ಇನ್ನು ಸರಿಹೋಯ್ತು ಅಂದ್ಕೊಂಡೆ. ನೀವೂ ಕೇಳಿದ್ರಿ.” ಬೈಯುವಂತಲ್ಲ, ನೆನಪಿಸುವಂತೆ ಹೇಳಿದಳು, “ಯಾವಾಗಲೂ ಅಂದಿದ್ರಿ.”

ಟೀಚರಮ್ಮ ನಲ್ಲಿ ನಿಲ್ಲಿಸಿದಳು. ಹುಡುಗಿಯ ಬಿಚ್ಚಿದ ಜಡೆಯನ್ನು ಸರಿಮಾಡಲು ಕೈ ಹೋಯಿತು, ಆದರೆ ಅಷ್ಟು ಸಲಿಗೆಯ ಹಕ್ಕು ತನಗಿಲ್ಲ ಎನಿಸಿ ಹಿಂದೆ ಬಂತು. “ಬಾ,” ಎಂದು ಅವಳನ್ನು ಕರೆದುಕೊಂಡು ತರಗತಿಗೆ ಹೋದಳು.

ಕ್ಲಾಸ್ ಟೀಚರ್ ಬೋರ್ಡಿನ ಮೇಲೆ ಏನೋ ಬರೆಯುತ್ತಿದ್ದರು. ಟೀಚರಮ್ಮ ಅಪ್ಪಣೆ ಕೇಳಿ ಮಕ್ಕಳ ಮುಂದೆ ನಿಂತಳು. “ಇವಳು ಒಂದು ದಿನಾನೂ ಸುಳ್ಳು ಕೈ ಎತ್ತಿಲ್ಲ,” ಎಂದಳು. “ಹೆಬ್ಬೆರಳು ಮಡಚಿದ್ರೆ ಗೊತ್ತಿಲ್ಲ ಅಂತ ಅರ್ಥ. ನಾನೇ ಹೇಳಿಕೊಟ್ಟಿದ್ದು. ನನಗೆ ಒಳ್ಳೆ ಹೆಸರು ಬರಲಿ ಅಂತ ಹೇಳಿಕೊಟ್ಟಿದ್ದು. ಇವಳು ಪ್ರತಿ ಸಲಾನೂ ಗೊತ್ತಿಲ್ಲ ಅಂತ ನಿಜಾನೇ ಹೇಳ್ತಿದ್ದಳು. ನಮಗೇ ಓದೋಕೆ ಬರ್ತಿರಲಿಲ್ಲ.”

ಮಕ್ಕಳು ಕಣ್ಣು ಬಿಟ್ಟುಕೊಂಡು ಕೂತಿದ್ದರು. ಕ್ಲಾಸ್ ಟೀಚರ್ ಮುಖ ಕೆಂಪಗಾಯಿತು. ಬೆಂಚಿನ ಮೇಲೆ ನಿಲ್ಲಿಸಿದ್ದು ನೆನಪಾಗಿರಬೇಕು. ಹುಡುಗಿ ತನ್ನ ಜಾಗಕ್ಕೆ ಹೋಗಿ ಕೂತಳು. ಪಕ್ಕದವಳು ಸ್ವಲ್ಪ ಸರಿದು ಜಾಗ ಬಿಟ್ಟಳು.

ಟೀಚರಮ್ಮ ತಿರುಗಿದಾಗ ಬಾಗಿಲಲ್ಲಿ ದೊಡ್ಡ ಮಿಸ್ ನಿಂತಿದ್ದರು. ಅವರಿಗೆ ಕೋಪಕ್ಕಿಂತ ಹೆಚ್ಚಾಗಿ ನಷ್ಟವಾದಂತಿತ್ತು. “ಇಡೀ ಕ್ಲಾಸಿಗೆ ಹೇಳಿಬಿಟ್ರಲ್ಲ,” ಎಂದರು. “ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಗುತ್ತೆ. ಇನ್ನು ನಿಮ್ಮನ್ನ ತಗೊಂಡು ನಾನೇನ್ ಮಾಡ್ಲಿ?” ರೆಸ್ಯೂಮೆಯನ್ನು ಅವಳ ಕೈಗಿಟ್ಟರು. ಅದಕ್ಕೆ ಮುನ್ನ ಒಂದು ಸಲ ಅಭ್ಯಾಸಬಲದಿಂದ ತಿರುಗಿಸಿ ನೋಡಿದರು. ಹುಡುಗಿಯನ್ನು ಈಗಲೂ ಕೆಳಗಿನ ಕ್ಲಾಸಿಗೆ ಕಳಿಸುತ್ತೀರಾ ಎಂದು ಮಾತ್ರ ಟೀಚರಮ್ಮ ಅಲ್ಲೇ ನಿಂತು ಕೇಳಿದಳು. ಇನ್ನು ಅದರ ಅಗತ್ಯವಿಲ್ಲ ಎಂದು ಅವರ ಬಾಯಿಂದ ಬರುವವರೆಗೆ ಬಾಗಿಲು ಬಿಡಲಿಲ್ಲ.

ಕಾರಿಡಾರಿನಲ್ಲಿ ನಡೆದು ಹೋಗುವಾಗ ಹಿಂದೆ ಕ್ಲಾಸ್ ಟೀಚರ್ ಏನೋ ಪ್ರಶ್ನೆ ಕೇಳಿದ್ದು ಕೇಳಿಸಿತು. ಅವಳು ಕಿಟಕಿಯಿಂದ ಇಣುಕಿದಳು. ತರಗತಿಯ ಅಷ್ಟೂ ಕೈಗಳು ಎದ್ದಿದ್ದವು, ಅಷ್ಟೂ ಹೆಬ್ಬೆರಳುಗಳು ಮಡಚಿಕೊಂಡಿದ್ದವು. ಐದೂ ಬೆರಳು ಬಿಡಿಸಿದ್ದ ಒಂದೇ ಕೈ ಕಿಟಕಿಯ ಪಕ್ಕದ್ದು. ಟೀಚರಮ್ಮ ತಲೆ ತಗ್ಗಿಸಿಕೊಂಡು ಗೇಟಿನ ಕಡೆಗೆ ಬೇಗಬೇಗ ಹೆಜ್ಜೆ ಹಾಕಿದಳು.

ಮನೆಯಲ್ಲಿ ಭಾವ ಮೊದಲೇ ಬಂದು ಕೂತಿದ್ದರು, ಶುಭಾಶಯ ಹೇಳಲು. ಅವಳು ಬಾಗಿಲಿಗೇ ಒರಗಿ ನಿಂತು ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಅತ್ತೆ ಒಂದು ಲೋಟ ನೀರು ತಂದು ಅವಳ ಕೈಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಭಾವ ಪೆನ್ನು ತೆಗೆದರು. ಅವರ ಮುಖ ಬೆಳಗಿತು.

“ಇದೂ ಕೆಟ್ಟದ್ದಲ್ಲಮ್ಮ. ಆ ಸಾಲು ತೆಗೆದು, ಅಲ್ಲಿ ‘ಸತ್ಯನಿಷ್ಠೆ’ ಅಂತ ಹಾಕೋಣ. ದಪ್ಪಕ್ಷರದಲ್ಲಿ. ಮಗುವಿಗೋಸ್ಕರ ಕೈಗೆ ಬಂದ ಕೆಲಸಾನೇ ಬಿಟ್ಟಳು ಅಂದ್ರೆ ಯಾವ ಶಾಲೆ ಬೇಡ ಅನ್ನುತ್ತೆ?”

ಅವಳು ಹಾಳೆಯ ಮೇಲೆ ಕೈ ಅಡ್ಡ ಇಟ್ಟಳು. “ಬೇಡ ಭಾವ. ದಮ್ಮಯ್ಯ, ಅದನ್ನ ಮಾತ್ರ ಶೋಕೇಸಲ್ಲಿ ಇಡಬೇಡಿ.”

“ಮತ್ತೆ ಏನ್ ಬರೀಲಿ? ಪುಟ ಬೋಳಾಗುತ್ತಲ್ಲ.”

“ಬಟ್ಟೆ ಅಂಗಡಿ ಅಂತ ಬರೀರಿ. ಅದು ನಿಜ.”

ಭಾವ ಒಲ್ಲದ ಮನಸ್ಸಿನಿಂದ ಬರೆದರು. ಬಯೋಡೇಟಾ ಮತ್ತೆ ಅರ್ಧ ಪುಟಕ್ಕೆ ಇಳಿಯಿತು, ಒಂದು ಸಾಲು ಹೆಚ್ಚು. ಅತ್ತೆ ಅದನ್ನು ದೂರದಿಂದಲೇ ನೋಡಿ, ಯಾರನ್ನೂ ನಿರ್ದಿಷ್ಟವಾಗಿ ಕೇಳದೆ ಕೇಳಿದಳು, “ಇದನ್ನ ನೋಡಿ ಯಾರಾದ್ರೂ ಕೆಲಸ ಕೊಡ್ತಾರಾ?”

ಮೂಲೆಯಲ್ಲಿ ವಾಚಿನ ಮೇಲೆ ಬಾಗಿದ್ದ ಗಂಡ ಭೂತಗನ್ನಡಿ ತೆಗೆಯದೆಯೇ ಒಂದು ಕೈ ಎತ್ತಿದ. ಹೆಬ್ಬೆರಳು ಒಳಗೆ ಮಡಚಿತ್ತು.

ಭಾವ ನಕ್ಕರು, ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡಳು. ಟೀಚರಮ್ಮನಿಗೆ ನಗು ಬರಲಿಲ್ಲ. ಇನ್ನೂ ಸ್ವಲ್ಪ ದಿನ ಬರುವ ಹಾಗೂ ಇರಲಿಲ್ಲ. ಅವಳು ಚೀಲದಿಂದ ಆ ಬಿಳಿ ಬಟ್ಟೆಯನ್ನು ತೆಗೆದು, ಕಲೆ ಎಲ್ಲಿದೆಯೆಂದು ನೋಡಿ, ಅದು ಹೊರಗೆ ಕಾಣುವ ಹಾಗೆ ಮಡಚಿ, ಹೊಸ ಹಾಳೆಯ ಪಕ್ಕದಲ್ಲಿ ಇಟ್ಟಳು.